ಭಜಿ ಎಣ್ಣೆ ಕುಡಿಯುವುದೇಕೆ?



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸೀಮೆಯಲ್ಲಿ ಭಜಿಯ ಗುರುತು ಹೇಳಿಕೊಡುವ ಕಾರಣವಿಲ್ಲ. ಮಳೆ ಹಿಡಿದು ಹೊಲಕ್ಕೆ ಹೋಗಲಾಗದೆ ಕುಳಿತ ಗಂಡಸರಿಗೆ ಭಜಿ ಬೇಕು. ಸಾಲಿ ಬಿಟ್ಟು ಬಂದ ಹುಡುಗರಿಗೆ ಬೇಕು. ಬೀಗರು ಬಂದರಂತೂ ಬೇಕೇ ಬೇಕು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿದ ರೈತನು ತನ್ನ ಮಾಲಿಗೆ ದರ ಗೊತ್ತಾಗುವ ತನಕ ಹೊತ್ತು ಕಳೆಯುವುದು ಚಹಾ, ಮಂಡಕ್ಕಿ, ಮಿರ್ಚಿ ಭಜಿಗಳ ಮುಂದೆಯೇ. ಇಷ್ಟೆಲ್ಲ ಗೊತ್ತಿದ್ದ ತಿಂಡಿಯ ಬಗ್ಗೆ ಇನ್ನು ಹೇಳುವುದೇನಿದೆ ಎಂದು ನೀವು ಕೇಳಬಹುದು. ಇದೆ, ಕೇಳಿರಿ.

ಅದೇ ಹಿಟ್ಟು, ಅದೇ ಎಣ್ಣೆ, ಅದೇ ಮೆಣಸಿನಕಾಯಿ. ಒಬ್ಬರ ಮನೆಯ ಭಜಿ ಮುರಿದರೆ ಗರಿಗರಿ ಸಪ್ಪಳ ಬರುತ್ತದೆ. ಮಗ್ಗುಲ ಮನೆಯದು ಹಿಡಿದರೆ ಬೆರಳಿಗೆಲ್ಲ ಎಣ್ಣೆ. “ಯಾಕವ್ವಾ, ಭಜಿ ಹಿಂಗ್ಯಾಕ ಮೆತ್ತಗಾಗ್ಯಾವು?” ಎಂದು ಕೇಳಿದರೆ, “ಏನ್ ಮಾಡೂದ್ರೀ ಅತ್ತಿ, ಎಣ್ಣಿ ಭಾಳ ಕುಡದಾವು” ಎಂಬ ಉತ್ತರ. ಕಡೆಗೆ ಎಲ್ಲರೂ ಅದನ್ನು ಕೈಗುಣವೆಂದು ಬಿಟ್ಟುಬಿಡುತ್ತಾರೆ. ಕೈಗುಣ ಎಂಬುದು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ಕೈ ಏನು ಮಾಡುತ್ತಿದೆ ಎಂದು ನೋಡಿದರೆ ಅದನ್ನು ಯಾರೂ ಕಲಿಯಬಹುದು. ಕಲಿತರೆ ಲಾಭ ನಾಲಿಗೆಗೆ ಮಾತ್ರವಲ್ಲ. ಗರಿಗರಿಯಾದ ಭಜಿ ಎಂದರೆ ಎಣ್ಣೆಯನ್ನು ಕಡಿಮೆ ಕುಡಿದ ಭಜಿ. ಮೆತ್ತಗಿನ ಭಜಿ ಎಂದರೆ ನೀವು ದುಡ್ಡು ಕೊಟ್ಟು ತಂದ ಎಣ್ಣೆಯನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಕುಳಿತ ಭಜಿ.

ನಮ್ಮ ಮಾತನ್ನು ನಂಬಬೇಕಾಗಿಲ್ಲ, ಅಳೆದು ನೋಡಿರಿ. ಮುಂದಿನ ಸಲ ಭಜಿ ಕರಿಯುವಾಗ ಎಣ್ಣೆಯನ್ನು ಸುಮ್ಮನೆ ಬಗ್ಗಿಸದೆ ವಾಟಿಯಿಂದ ಅಳೆದು ಬಾಂಡಲಿಗೆ ಹಾಕಿರಿ. ಕರಿದಾದ ಮೇಲೆ ಎಣ್ಣೆ ಪೂರಾ ಆರಲಿ. ಆರಿದ ಎಣ್ಣೆಯನ್ನು ಅದೇ ವಾಟಿಯಿಂದ ಮತ್ತೆ ಅಳೆಯಿರಿ. ಎಷ್ಟು ಕಡಿಮೆಯಾಯಿತೋ, ಹೆಚ್ಚುಕಡಿಮೆ ಅಷ್ಟು ಭಜಿಯೊಳಗೆ ಹೋಯಿತು. ಆಮೇಲೆ ಕೆಳಗೆ ಹೇಳಿದ ರೀತಿಯಲ್ಲಿ ಅಷ್ಟೇ ಹಿಟ್ಟಿನಿಂದ ಅಷ್ಟೇ ಭಜಿ ಮಾಡಿ ಇನ್ನೊಮ್ಮೆ ಅಳೆಯಿರಿ. ಎರಡು ಅಳತೆಗಳ ನಡುವಿನ ಅಂತರವೇ ನಿಮ್ಮ ಉಳಿತಾಯ.

ಈಗ ಬಾಂಡಲಿಯಲ್ಲಿ ನಡೆಯುವುದೇನು ನೋಡೋಣ. ಕಲಸಿದ ಹಿಟ್ಟಿನಲ್ಲಿ ನೀರಿದೆ. ನೀರು 100 ಡಿಗ್ರಿಗೆ ಕುದಿದು ಉಗಿಯಾಗುತ್ತದೆ. ಭಜಿ ಕರಿಯಲು ತಕ್ಕ ಎಣ್ಣೆಯ ಕಾವು 170ರಿಂದ 180 ಡಿಗ್ರಿ. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಅದರ ಮೈಯಲ್ಲಿಯ ನೀರು ಉಗಿಯಾಗಿ ಹೊರಗೆ ನುಗ್ಗುತ್ತದೆ. ನೀವು ಕಾಣುವ ಗುಳ್ಳೆ, ಕೇಳುವ ಸೊರ್ ಎಂಬ ಸಪ್ಪಳ ಆ ಉಗಿಯದೇ. ಉಗಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಜಾತ್ರೆಯ ಬಾಗಿಲಲ್ಲಿ ಜನ ಹೊರಗೆ ಬರುತ್ತಿರುವಾಗ ಒಳಗೆ ಹೋಗುವವನ ಪಾಡು ಏನಾಗುತ್ತದೆಯೋ ಹಾಗೆ. ಹೊರಮೈ ಒಣಗಿ ಗಟ್ಟಿಯಾಗುತ್ತದೆ, ಅದೇ ಗರಿ. ಎಣ್ಣೆ ಸಾಲದಷ್ಟು ಕಾದಿದ್ದರೆ ಉಗಿಗೆ ಜೋರು ಇರುವುದಿಲ್ಲ, ತೊಗಲು ಕಟ್ಟಲು ತಡವಾಗುತ್ತದೆ, ಅಷ್ಟರಲ್ಲಿ ಹಿಟ್ಟು ಎಣ್ಣೆಯಲ್ಲಿ ನೆನೆಯುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು, ಬಹಳ ಜನರಿಗೆ ಗೊತ್ತಿಲ್ಲದ್ದು. ಭಜಿ ಎಣ್ಣೆ ಕುಡಿಯುವುದು ಬಾಂಡಲಿಯಲ್ಲಿ ಮಾತ್ರವಲ್ಲ. ಹೆಚ್ಚಿನ ಪಾಲು ಕುಡಿಯುವುದು ಬಾಂಡಲಿಯಿಂದ ಹೊರಗೆ ಬಂದ ಮೇಲೆ. ಹೊರಗೆ ತೆಗೆದ ಭಜಿ ಆರತೊಡಗಿದಂತೆ ಒಳಗಿನ ಉಗಿ ತಣ್ಣಗಾಗಿ ಕುಗ್ಗುತ್ತದೆ. ಆ ಜಾಗ ಬರಿದಾಗುತ್ತದೆ. ಆಗ ಮೈಗೆ ಹತ್ತಿದ ಎಣ್ಣೆಯನ್ನು ಭಜಿ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಹೇಳುತ್ತೇವೆ: ಎಣ್ಣೆ ಬಸಿಯುವುದು ತಟ್ಟೆಯಲ್ಲಿ ಅಲ್ಲ, ಝಾರಿಯಲ್ಲಿ, ಬಾಂಡಲಿಯ ಮೇಲೆಯೇ. ಝಾರಿಯನ್ನು ಬಾಂಡಲಿಯ ಅಂಚಿಗೆ ಓರೆಯಾಗಿ ಹಿಡಿದು ಎರಡು ಸಲ ಮೆಲ್ಲಗೆ ಕುಟ್ಟಿ ಮನಸ್ಸಿನಲ್ಲಿ ಹತ್ತು ಎಣಿಸಿರಿ. ಭಜಿ ಸುಡುಸುಡು ಇರುವಾಗಲೇ ಎಣ್ಣೆ ತೆಳ್ಳಗಾಗಿ ಜಾರಿ ಇಳಿಯುತ್ತದೆ. ಈ ಹತ್ತು ಎಣಿಕೆಯಷ್ಟು ಅಗ್ಗದ ಉಪಾಯ ಮತ್ತೊಂದಿಲ್ಲ.

ಇನ್ನು ಹಿಟ್ಟು. ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಕಡಲೆ ಬೆಳೆಯುವ ಮನೆಗಳಿಗೆ ಅಂಗಡಿಯ ಹಿಟ್ಟು ಯಾಕೆ ಬೇಕು? ಕಡಲೆಬೇಳೆಯನ್ನು ಆರಿಸಿ ಒಂದು ತಾಸು ಬಿಸಿಲಿಗೆ ಹಾಕಿ ಗಿರಣಿಗೆ ಒಯ್ಯಿರಿ. ಬಹಳ ನುಣ್ಣಗೆ ಬೀಸಿಸಬೇಡಿರಿ. ಬೆರಳಲ್ಲಿ ಉಜ್ಜಿದರೆ ತುಸು ತರಿ ಹತ್ತುವಂತಿದ್ದರೆ ಭಜಿಗೆ ಮೇಲು. ಗಿರಣಿಯವನಿಗೆ ಒಂದು ಮಾತು ಕೇಳಿರಿ: “ಇದಕ್ಕಿಂತ ಮೊದಲ ಏನ್ ಬೀಸೀರಿ?” ಖಾರ ಬೀಸಿದ ಕಲ್ಲಿಗೆ ಕಡಲೆ ಹಾಕಿಸಿಕೊಂಡು ಬಂದು ಕೂಸುಗಳ ಬಾಯಿ ಉರಿಸಿದವರು ಈ ಸೀಮೆಯಲ್ಲಿ ಕಡಿಮೆ ಇರಲಿಕ್ಕಿಲ್ಲ.

ಸ್ವಂತ ಹಿಟ್ಟಿಗೆ ಇನ್ನೊಂದು ಗುಣವಿದೆ. ಕಡಲೆ ಹಿಟ್ಟಿನಲ್ಲಿ ಕೇಸರಿ ಬೇಳೆಯ ಹಿಟ್ಟು ಬೆರೆಸುವ ಮೋಸ ಹಳೆಯದು. ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಹೆಚ್ಚು ಹೆಚ್ಚು ತಿಂದರೆ ಕಾಲಿನ ಶಕ್ತಿ ಹೋಗುವ ರೋಗ ಬರುತ್ತದೆ. ಅದಕ್ಕಾಗಿಯೇ 1961ರಲ್ಲಿ ಅದರ ಮಾರಾಟಕ್ಕೆ ದೇಶದಲ್ಲಿ ನಿಷೇಧ ಬಂದಿತು. ಕಣ್ಣಮುಂದೆ ಬೀಸಿದ ಹಿಟ್ಟಿಗೆ ಈ ಸಂಶಯವೇ ಇಲ್ಲ.

ಎರಡು ವಾಟಿ ಕಡಲೆ ಹಿಟ್ಟಿಗೆ ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟು ಸೇರಿಸಿರಿ. ಅಕ್ಕಿ ಹಿಟ್ಟಿನ ತೊಗಲು ಗಟ್ಟಿಯಾಗಿ ಒಣಗುತ್ತದೆ. ಬರೇ ಕಡಲೆ ಹಿಟ್ಟಿನದು ರುಚಿ ಹೆಚ್ಚು, ಆದರೆ ಬೇಗ ಮೆತ್ತಗಾಗುತ್ತದೆ. ಮನೆಯಲ್ಲಿ ಅಕ್ಕಿ ಹಿಟ್ಟು ಇಲ್ಲವೇ? ರಾಣೆಬೆನ್ನೂರಿನ ಸುತ್ತ ಗೋವಿನಜೋಳಕ್ಕೆ ಏನು ಬರ? ಅದರ ಹಿಟ್ಟು ಒಂದು ಚಮಚ ಹಾಕಿದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಭಜಿ ಹಲ್ಲಿಗೆ ಬಿರುಸಾದೀತು. ಉಪ್ಪು, ಚಿಟಿಕೆ ಅರಿಷಿಣ, ಅರ್ಧ ಚಮಚ ಅಜವಾನ, ತುಸು ಜೀರಿಗೆ ಇವು ಹೇಗೂ ಇದ್ದೇ ಇವೆ. ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕಿರಿ, ಆಗ ಅದರ ವಾಸನೆ ಬಿಚ್ಚುತ್ತದೆ.

ನೀರು ಸುಮಾರು ಒಂದು ವಾಟಿ ಹಿಡಿಯುತ್ತದೆ. ಒಮ್ಮೆಲೆ ಸುರಿಯಬಾರದು. ಮೊದಲು ಅರ್ಧ ನೀರು ಹಾಕಿ ಗಂಟು ಒಡೆಯಿರಿ, ಆಮೇಲೆ ತುಸು ತುಸು ಹಾಕುತ್ತ ಕೈಯಿಂದ ಒಂದೇ ದಿಕ್ಕಿಗೆ ಚೆನ್ನಾಗಿ ತಿರುವಿರಿ. ತಿರುವಿದಂತೆ ಹಿಟ್ಟಿನಲ್ಲಿ ಗಾಳಿ ಸೇರುತ್ತದೆ, ಹಗುರಾಗುತ್ತದೆ. ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡಿರಿ, ತೇಲಿದರೆ ತಿರುವಿದ್ದು ಸಾಕು. ಮೆಣಸಿನಕಾಯಿ ಅದ್ದಿ ಎತ್ತಿದರೆ ಹಿಟ್ಟು ಮೈಗೆ ಹತ್ತಿಕೊಂಡು, ತುದಿಯಲ್ಲಿ ಒಂದೆರಡು ಹನಿ ಮಾತ್ರ ಜಾರಬೇಕು. ಹಿಟ್ಟು ನೀರಾದರೆ ಆ ನೀರೆಲ್ಲ ಬಾಂಡಲಿಯಲ್ಲಿಯೇ ಹೋಗಬೇಕಲ್ಲ? ನೀರು ಬಿಟ್ಟುಹೋದ ಜಾಗಕ್ಕೇ ಎಣ್ಣೆ ಬಂದು ಕೂಡುತ್ತದೆ.

ಸೋಡಾದ ವಿಷಯ ಬಹಳ ಮನೆಗಳಲ್ಲಿ ಕೆಡುತ್ತದೆ. ಭಜಿ ಉಬ್ಬಲಿ ಎಂದು ಚಮಚ ತುಂಬ ಹಾಕುವವರಿದ್ದಾರೆ. ಉಬ್ಬುವುದೇನೋ ಉಬ್ಬುತ್ತದೆ, ಆದರೆ ಒಳಗೆಲ್ಲ ತೂತು ಬೀಳುತ್ತವೆ. ಪ್ರತಿಯೊಂದು ತೂತೂ ಎಣ್ಣೆಗೆ ಒಂದೊಂದು ಮನೆ. ಮೇಲಾಗಿ ಬಾಯಿಗೆ ಸಾಬೂನಿನ ರುಚಿ. ಎರಡು ವಾಟಿ ಹಿಟ್ಟಿಗೆ ಒಂದು ಚಿಟಿಕೆ ಸಾಕು. ಅದನ್ನೂ ಎಣ್ಣೆ ಕಾದ ಮೇಲೆ, ಕರಿಯುವ ಮುಂಚೆ ಹಾಕಿರಿ. ಚೆನ್ನಾಗಿ ತಿರುವಿದ ಹಿಟ್ಟಿಗೆ ಸೋಡಾ ಇಲ್ಲದಿದ್ದರೂ ತೊಂದರೆ ಇಲ್ಲ. ಸೋಡಾದ ಬದಲು ಒಂದು ಚಮಚ ಕಾದ ಎಣ್ಣೆಯನ್ನು ಹಿಟ್ಟಿಗೆ ಹಾಕಿ ಕಲಸುವುದು ನಮ್ಮ ಹಿರಿಯ ಹೆಣ್ಣುಮಕ್ಕಳ ರೂಢಿ. ಅದು ಒಳ್ಳೆಯ ರೂಢಿ.

ಖಾರದ ಪುಡಿಯ ಮಾತಿಗೆ ಬಂದರೆ ಬ್ಯಾಡಗಿಯನ್ನು ಬಿಟ್ಟು ಮುಂದೆ ಹೋಗಲಾಗದು. ಮೆಣಸಿನಕಾಯಿ ಮೂಲದಲ್ಲಿ ಅಮೆರಿಕ ಖಂಡದ್ದು. ಸುಮಾರು ಐದು ನೂರು ವರ್ಷಗಳ ಹಿಂದೆ ಪೋರ್ತುಗೀಜರ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದಿತು. ಅದಕ್ಕೂ ಮುಂಚೆ ನಮ್ಮವರಿಗೆ ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೂ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟುಬಿಟ್ಟರು. ಹೊರಗಿನಿಂದ ಬಂದ ಈ ಕಾಯಿ ನಮ್ಮ ಮಣ್ಣಿಗೆ ಎಷ್ಟು ಒಗ್ಗಿತೆಂದರೆ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ.

ಈ ಬಣ್ಣದ ಒಂದು ಸ್ವಭಾವ ಭಜಿ ಕರಿಯುವವರಿಗೆ ಗೊತ್ತಿರಬೇಕು. ಅದು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಹಾಗೆಂದೇ ಕಾರಖಾನೆಗಳಲ್ಲಿ ಮೆಣಸಿನಕಾಯಿಯಿಂದ ಬಣ್ಣದ ಸಾರ ತೆಗೆದು ದೇಶಾಂತರಕ್ಕೆ ಕಳಿಸುತ್ತಾರೆ. ನೀವು ಹಿಟ್ಟಿಗೆ ಖಾರದ ಪುಡಿಯನ್ನು ಹೆಚ್ಚಾಗಿ ಸುರಿದರೆ ಬಣ್ಣ ಭಜಿಯಲ್ಲಿ ನಿಲ್ಲದೆ ಬಾಂಡಲಿಯ ಎಣ್ಣೆಗೆ ಇಳಿಯುತ್ತದೆ. ಪುಡಿ ತಳಕ್ಕೆ ಕೂತು ಕರಕಾಗುತ್ತದೆ, ಎರಡನೆಯ ಸರತಿಯ ಭಜಿ ಕಪ್ಪಡರುತ್ತದೆ. ಅರ್ಧ ಚಮಚ ಸಾಕು. ಬಾಯಿಗೆ ಇನ್ನೂ ಖಾರ ಬೇಕೆನ್ನುವವರಿಗೆ ಭಜಿ ಕರಿದ ಮೇಲೆ ಮೇಲಿಂದ ಉದುರಿಸಿ ಕೊಡಿರಿ. ಪೇಟೆಯ ಖಾರದ ಪುಡಿಯಾದರೆ ಒಂದು ಪರೀಕ್ಷೆ: ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿರಿ. ಕೆಂಪು ಎಳೆ ಎಳೆಯಾಗಿ ಕೂಡಲೇ ನೀರಿಗಿಳಿದರೆ ಅದರಲ್ಲಿ ಕೃತಕ ಬಣ್ಣ ಬೆರೆತಿದೆ ಎಂದು ತಿಳಿಯಿರಿ.

ಭಜಿಗೆ ಹಾಕುವ ಹಸಿಕಾಯಿ ಬ್ಯಾಡಗಿ ತಳಿಯದಲ್ಲ. ಅದನ್ನು ಗಿಡದಲ್ಲೇ ಹಣ್ಣು ಮಾಡಿ ಒಣಗಿಸಿದರೇ ಅದಕ್ಕೆ ಬೆಲೆ. ಭಜಿಗೆ ಉದ್ದನೆಯ, ತೊಗಲು ದಪ್ಪಗಿರುವ, ತಿಳಿ ಹಸುರು ಕಾಯಿ ಚಂದ. ತಮ್ಮ ಹೊಲದ್ದೇ ಕಾಯಿ ಹರಿಯುವವರು ಒಂದನ್ನು ನೆನಪಿಡಬೇಕು. ಎಲೆ ಮುದುಡುವ ರೋಗಕ್ಕೆಂದು ಔಷಧ ಹೊಡೆದಿದ್ದರೆ, ಹೊಡೆದ ಎಷ್ಟು ದಿನಕ್ಕೆ ಕಾಯಿ ಹರಿಯಬಹುದೆಂದು ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಬರೆದಿರುತ್ತದೆ. ಆ ದಿನ ತುಂಬುವ ಮುಂಚೆ ಮನೆಗೆ ತರಬಾರದು. ಮಾರಲಿಕ್ಕೂ ಹರಿಯಬಾರದು. ಬೀಜೋತ್ಪಾದನೆಯ ತಾಕುಗಳು ರಾಣೆಬೆನ್ನೂರಿನ ಕಡೆ ಬಹಳ. ಅಲ್ಲಿಯ ಕಾಯಿಯನ್ನೂ “ನಾಕೇ ನಾಕು” ಎಂದು ಹರಿದು ತರುವ ರೂಢಿ ಬೇಡ.

ಕಾಯಿಗಳನ್ನು ತೊಳೆದು ಅರಿವೆಯಿಂದ ಪೂರಾ ಒರೆಸಿರಿ. ಹಸಿ ಇದ್ದರೆ ಹಿಟ್ಟು ಜಾರುತ್ತದೆ, ಎಣ್ಣೆ ಸಿಡಿಯುತ್ತದೆ. ತೊಟ್ಟು ಬಿಟ್ಟು ಉದ್ದಕ್ಕೆ ಒಂದು ಸೀಳು ಹಾಕಿರಿ. ಸೀಳದ ಕಾಯಿಯೊಳಗೆ ಉಗಿ ಸೇರಿ, ಹೊರಬೀಳಲು ದಾರಿ ಇಲ್ಲದೆ ಬಾಂಡಲಿಯಲ್ಲೇ ಒಡೆಯುತ್ತದೆ. ಮುಖಕ್ಕೆ ಎಣ್ಣೆ ಸಿಡಿಯುವುದು ಹೆಚ್ಚಾಗಿ ಹೀಗೆಯೇ. ಖಾರ ಹೆಚ್ಚೆನಿಸಿದರೆ ಒಳಗಿನ ಬೀಜ ಮತ್ತು ಬಿಳಿ ಎಳೆಯನ್ನು ತೆಗೆಯಿರಿ. ಖಾರವಿರುವುದು ಆ ಬಿಳಿ ಎಳೆಯಲ್ಲಿ. ಸೀಳಿನೊಳಗೆ ಉಪ್ಪು, ಅಜವಾನ, ತುಸು ಹುಣಸೆಹಣ್ಣು ಅರೆದು ಸವರಿದರೆ ರುಚಿಯೇ ಬೇರೆ.

ಉಳ್ಳಾಗಡ್ಡಿ ಭಜಿಯ ದಾರಿ ಬೇರೆ. ಅದಕ್ಕೆ ನೀರನ್ನೇ ಹಾಕಬಾರದು. ಉದ್ದಕ್ಕೆ ತೆಳ್ಳಗೆ ಹೆಚ್ಚಿದ ಉಳ್ಳಾಗಡ್ಡಿಗೆ ಉಪ್ಪು ಹಾಕಿ ಹಿಚುಕಿ ಹತ್ತು ನಿಮಿಷ ಬಿಡಿರಿ. ಅದೇ ನೀರು ಬಿಡುತ್ತದೆ. ಆ ನೀರಿಗೆ ಎಷ್ಟು ಹಿಟ್ಟು ಹಿಡಿಯುತ್ತದೆಯೋ ಅಷ್ಟೇ ಉದುರಿಸಿರಿ. ಎಸಳು ಎಸಳು ಬೇರೆಯಾಗಿ ಕಾಣಬೇಕು, ಹಿಟ್ಟಿನ ಮುದ್ದೆ ಆಗಬಾರದು. ಬದನೆಕಾಯಿ ಮಾತ್ರ ಬಲು ಹೊಟ್ಟೆಬಾಕ. ಅದರ ತಿರುಳು ಅರಳೆಯ ಹಾಗೆ, ಎಷ್ಟು ಎಣ್ಣೆ ಕೊಟ್ಟರೂ ಕುಡಿಯುತ್ತದೆ. ಹೋಳಿಗೆ ಉಪ್ಪು ಸವರಿ ಸ್ವಲ್ಪ ಹೊತ್ತು ಇಟ್ಟು, ಬಿಟ್ಟ ನೀರನ್ನು ಒರೆಸಿ, ಎಲ್ಲ ಮಗ್ಗುಲಿಗೂ ಹಿಟ್ಟು ಮುಚ್ಚುವಂತೆ ಅದ್ದಿದರೆ ಅಷ್ಟು ಕುಡಿಯದು. ಆಲೂಗಡ್ಡೆಯನ್ನು ತೆಳ್ಳಗೆ ಕೊಯ್ದು, ನೀರಿನಲ್ಲಿ ತೊಳೆದು ಒರೆಸಿಕೊಳ್ಳಿರಿ. ಹೀರೇಕಾಯಿ, ಮೆಂತೆಸೊಪ್ಪು, ಪಾಲಕ ಎಲ್ಲವೂ ನಡೆಯುತ್ತವೆ, ಹಿತ್ತಲಲ್ಲಿ ಏನಿದೆಯೋ ಅದು.

ಎಣ್ಣೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹನಿ ಹಿಟ್ಟು ಬಿಡಿರಿ. ತಳದಲ್ಲೇ ಕೂತರೆ ಕಾದಿಲ್ಲ. ಬಿದ್ದ ಕೂಡಲೇ ಕೆಂಪಾದರೆ ಹೆಚ್ಚು ಕಾದಿದೆ. ಒಂದೆರಡು ಗಳಿಗೆ ತಡೆದು ಗುಳ್ಳೆಯೆಬ್ಬಿಸುತ್ತ ಮೇಲೆ ಬಂದರೆ ಸರಿ. ಎಣ್ಣೆ ಹೊಗೆಯಾಡುವ ತನಕ ಕಾಯಿಸಬಾರದು. ಗಾಣದ ಶೇಂಗಾ ಎಣ್ಣೆ ಪಾಕೀಟಿನ ಎಣ್ಣೆಗಿಂತ ಬೇಗ ಹೊಗೆ ಬಿಡುತ್ತದೆ, ಅದಕ್ಕೆ ಉರಿಯನ್ನು ಹದದಲ್ಲಿಡಿರಿ. ಬಾಂಡಲಿಯ ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೇಡ. ಒಮ್ಮೆಗೆ ನಾಲ್ಕೈದು ಭಜಿ ಸಾಕು. ಅವಸರಕ್ಕೆ ಹತ್ತು ಬಿಟ್ಟರೆ ಎಣ್ಣೆಯ ಕಾವು ಒಮ್ಮೆಲೆ ಇಳಿದು ಹತ್ತೂ ಮೆತ್ತಗಾಗುತ್ತವೆ. ಒಂದು ಸರತಿ ತೆಗೆದ ಮೇಲೆ ಎಣ್ಣೆ ಮತ್ತೆ ಕಾಯಲು ಬಿಡಿರಿ. ಕಟ್ಟಿಗೆಯ ಒಲೆಯಾದರೆ ಕೊಳ್ಳಿ ಹಿಂದೆಮುಂದೆ ಸರಿಸುವ, ಗ್ಯಾಸಿನ ಒಲೆಯಾದರೆ ಕಿವಿ ತಿರುವುವ ಕೆಲಸ ಇದ್ದೇ ಇರುತ್ತದೆ.

ಮಿರ್ಚಿ ಭಜಿಯನ್ನು ಎರಡು ಸಲ ಕರಿಯುವುದು ಅಂಗಡಿಯವರ ಗುಟ್ಟು. ಮೊದಲು ಹಿಟ್ಟು ಗಟ್ಟಿಯಾಗುವ ತನಕ ಕರಿದು ತೆಗೆದಿಡುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿನ ಕಾಯಿಯ ನೀರು ತೊಗಲಿಗೆ ಬರುತ್ತದೆ. ಗಿರಾಕಿ ಬಂದಾಗ ಚೆನ್ನಾಗಿ ಕಾದ ಎಣ್ಣೆಗೆ ಮತ್ತೆ ಬಿಟ್ಟರೆ ಆ ನೀರೂ ಹಾರಿಹೋಗಿ ಗರಿ ನಿಲ್ಲುತ್ತದೆ. ಮನೆಗೆ ಬಹಳ ಜನ ಬರುವ ದಿನ ನೀವೂ ಹೀಗೆ ಮಾಡಬಹುದು. ಎರಡನೆಯ ಸಲ ಒಂದು ನಿಮಿಷ ಸಾಕು.

ಕರಿಯುವಾಗ ಕೂಸುಗಳು ಒಲೆಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿರಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಬಿದ್ದರೆ ಉರಿಯುವ ಎಣ್ಣೆ ಮನೆತುಂಬ ಹಾರುತ್ತದೆ. ಬಾಂಡಲಿಯನ್ನು ಎತ್ತಿಕೊಂಡು ಓಡಲೂಬಾರದು. ಒಲೆ ಆರಿಸಿ, ಅಗಲವಾದ ತಟ್ಟೆಯನ್ನು ಮುಚ್ಚಿ ಆರುವ ತನಕ ತೆಗೆಯದೆ ಬಿಡಿರಿ. ಮೈಮೇಲೆ ಎಣ್ಣೆ ಸಿಡಿದರೆ ಇಪ್ಪತ್ತು ನಿಮಿಷ ತಣ್ಣೀರು ಬಿಡುತ್ತಿರಿ. ಅರಿಷಿಣ, ಶಾಯಿ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಬೇಡಿರಿ. ಸುಟ್ಟ ಗಾಯ ದೊಡ್ಡದಿದ್ದರೆ, ಇಲ್ಲವೆ ಮುಖಕ್ಕೆ ಬಿದ್ದಿದ್ದರೆ, ಶುದ್ಧ ಅರಿವೆ ಹೊದಿಸಿ ದವಾಖಾನೆಗೆ ಒಯ್ಯಿರಿ.

ಕರಿದ ಭಜಿಯನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿ ಮುಚ್ಚಿದರೆ, ಪಟ್ಟ ಶ್ರಮವೆಲ್ಲ ಉಗಿಯಲ್ಲಿ ಕರಗಿತು. ಬಿದಿರಿನ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಹರವಿರಿ, ಕೆಳಗಿನಿಂದಲೂ ಗಾಳಿಯಾಡಲಿ. ಸುದ್ದಿಪತ್ರಿಕೆಯ ಹಾಳೆಯಲ್ಲಿ ಸುತ್ತಬೇಡಿರಿ. ಅಚ್ಚಿನ ಮಸಿ ಎಣ್ಣೆಗೆ ಕರಗಿ ಹೊಟ್ಟೆಗೆ ಹೋಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಈ ಎಚ್ಚರಿಕೆ ಕೊಟ್ಟಿದೆ. ಹೊಲಕ್ಕೆ ಬುತ್ತಿ ಕಟ್ಟುವುದಾದರೆ ಭಜಿ ಪೂರಾ ಆರಿದ ಮೇಲೆ ಅರಿವೆಯಲ್ಲಿ ಕಟ್ಟಿರಿ, ಪ್ಲಾಸ್ಟಿಕ್ಕಿನ ಚೀಲದಲ್ಲಿ ಅಲ್ಲ.

ಉಳಿದ ಎಣ್ಣೆಯನ್ನು ಏನು ಮಾಡುವುದು? ಚೆಲ್ಲುವುದಕ್ಕೆ ಮನಸ್ಸು ಬಾರದು, ಬರಬೇಕಾಗಿಯೂ ಇಲ್ಲ. ಆರಿದ ಕೂಡಲೇ ತೆಳ್ಳನೆಯ ಅರಿವೆಯಲ್ಲಿ ಸೋಸಿರಿ. ತಳದಲ್ಲಿ ಉಳಿದ ಹಿಟ್ಟಿನ ಕಾಳು ಮತ್ತೆ ಮತ್ತೆ ಸುಟ್ಟು ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಸೋಸಿದ್ದನ್ನು ಸ್ಟೀಲಿನ ಡಬ್ಬಿಯಲ್ಲಿ ಕತ್ತಲಲ್ಲಿಡಿರಿ. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಯಲ್ಲಿ ಎಣ್ಣೆ ಬೇಗ ಕಮಟಾಗುತ್ತದೆ. ಎರಡು ಮೂರು ದಿನಗಳಲ್ಲಿ ಪಲ್ಯ, ಸಾರಿನ ಒಗ್ಗರಣೆಗೆ ತೀರಿಸಿಬಿಡಿರಿ. ಕಪ್ಪಗಾದ, ಜಿಗುಟಾದ, ಕಾಯಿಸಿದರೆ ನೊರೆ ಎದ್ದು ಬೇಗನೆ ಹೊಗೆಯಾಡುವ ಎಣ್ಣೆಯನ್ನು ಬಾಯಿಗೆ ಮುಟ್ಟಿಸಬೇಡಿರಿ. ಮೇಲಿಂದ ಮೇಲೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಪದಾರ್ಥಗಳು ಹುಟ್ಟಿ ಬೆಳೆಯುತ್ತವೆ. ಅವು ನೂರಕ್ಕೆ 25 ಪಾಲು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂದು 2018ರ ಜುಲೈ 1ರಿಂದ ಕಾಯದೆಯೇ ಇದೆ. ಮನೆಯಲ್ಲಿ ಅದನ್ನು ಅಳೆಯುವ ಯಂತ್ರ ಇರುವುದಿಲ್ಲ, ಕಣ್ಣು ಮೂಗುಗಳಿವೆ.

ಶೇಂಗಾ ಬೆಳೆದು ಗಾಣಕ್ಕೆ ಹಾಕಿಸುವ ಮನೆಯವರಿಗೆ ಇನ್ನೊಂದು ಮಾತು. ಮಳೆಗೆ ಸಿಕ್ಕು ಬೂಷ್ಟು ಹಿಡಿದ ಶೇಂಗಾವನ್ನು “ಎಣ್ಣಿಗೆ ನಡೀತೈತಿ” ಎಂದು ಗಾಣಕ್ಕೆ ಒಯ್ಯಬೇಡಿರಿ. 1960ರಲ್ಲಿ ಇಂಗ್ಲಂಡದಲ್ಲಿ ಸಾವಿರಗಟ್ಟಲೆ ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸಿಕ್ಕಿತು. ಆ ವಿಷ ಹೆಚ್ಚಾಗಿ ಹಿಂಡಿಯಲ್ಲಿ ಉಳಿಯುತ್ತದೆ, ಶುದ್ಧೀಕರಿಸದ ಎಣ್ಣೆಗೂ ಅಷ್ಟಿಷ್ಟು ಇಳಿಯುತ್ತದೆ. ಆ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿಯೂ ಅದರ ಅಂಶ ಬರುತ್ತದೆ. ಕಿತ್ತ ಶೇಂಗಾವನ್ನು ಚೆನ್ನಾಗಿ ಒಣಗಿಸಿ, ಬೂಷ್ಟು ಹತ್ತಿದ ಕಾಳನ್ನು ಆರಿಸಿ ತೆಗೆದೇ ಗಾಣಕ್ಕೆ ಕಳಿಸಿರಿ.

ಇಷ್ಟು ಮಾಡಿದರೂ ರಾತ್ರಿಗೆ ನಾಲ್ಕು ಭಜಿ ಉಳಿದು ಮೆತ್ತಗಾದವೆನ್ನಿರಿ. ಪೂರಾ ಬೆಂದ ಭಜಿಯನ್ನು ಮತ್ತೆ ಎಣ್ಣೆಗೆ ಬಿಡಬೇಡಿರಿ, ಇನ್ನಷ್ಟು ಕುಡಿಯುತ್ತವೆ. ಎಣ್ಣೆ ಸವರದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮಗ್ಗುಲು ಬದಲಿಸುತ್ತ ಕಾಯಿಸಿದರೆ ಮುಕ್ಕಾಲುಪಾಲು ಗರಿ ಮರಳುತ್ತದೆ. ಅದೂ ಬೇಡವೆಂದರೆ ಕುದಿಯುವ ಮಜ್ಜಿಗೆ ಸಾರಿಗೆ ಹಾಕಿಬಿಡಿರಿ. ಅಲ್ಲಿ ಅವು ಎಷ್ಟು ಮೆತ್ತಗಾದರೆ ಅಷ್ಟು ರುಚಿ.